ಸುದ್ದಿ ನಿಜವೇ? ಸುದ್ದಿ ಹೊತ್ತಿಗೆ ಬಂತೇ?

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಕಾದಂಬರಿ ಓದಬಲ್ಲೆ, ಆದರೆ ನಿಧಾನ. ಬೇಹುಗಾರಿಕೆಯ ಸರಣಿಗಳನ್ನು ನೋಡಿ ಈಗ ಪುಸ್ತಕಗಳನ್ನೇ ಓದುವ ಹಂಬಲ ಹುಟ್ಟಿದೆ. ನನ್ನ ತಮ್ಮನಿಗೆ ಇಪ್ಪತ್ತು ವರ್ಷ. ಸೇನೆಗೆ ಸೇರಬೇಕೆಂದು ನಸುಕಿನಲ್ಲೇ ಎದ್ದು ಓಡುತ್ತಾನೆ. ಅವನಿಗೆ ಅಂತರಿಕ್ಷದ ಯುದ್ಧದ ಕಥೆಗಳೇ ಬೇಕು. 'ನಿನ್ನ ಬೇಹುಗಾರರು ಕುಳಿತು ಮಾತನಾಡುವುದೇ ಹೆಚ್ಚು' ಎಂದು ಅವನು, 'ನಿನ್ನವು ಮಕ್ಕಳ ಕಥೆ' ಎಂದು ನಾನು. ಈಚಿನ ಪುಸ್ತಕಗಳಲ್ಲಿ ಇಬ್ಬರೂ ಎಲ್ಲಿಂದ ಆರಂಭಿಸಬೇಕು? ಇಂಥ ಓದಿನಿಂದ ಹುಡುಗನ ತಲೆಗೆ ಯುದ್ಧದ ಹುಚ್ಚು ಹತ್ತುವುದೇ ಎಂದು ಅಪ್ಪನಿಗೆ ಚಿಂತೆ. ಅದಕ್ಕೂ ಉತ್ತರ ಬೇಕು.

ಉತ್ತರ:

ತಂಗಿ, ನಿಮ್ಮ ಮನೆಯ ಜಗಳ ನನ್ನ ಹಳೆಯ ವೃತ್ತಿಯೊಳಗಿನ ಜಗಳವೇ ಆಗಿದೆ. ನಾನು ಇಪ್ಪತ್ತೆರಡು ವರ್ಷ ಸೇನೆಯ ಸಿಗ್ನಲ್ಸ್ ದಳದಲ್ಲಿದ್ದೆ. ಜಬಲ್ಪುರದಲ್ಲಿ ತರಬೇತಿ ಮುಗಿಸಿ ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತವನು, ನಿವೃತ್ತಿಯಾಗಿ ಕೊಪ್ಪಳಕ್ಕೆ ಮರಳುವವರೆಗೂ ಸಂದೇಶಗಳ ನಡುವೆಯೇ ಬದುಕಿದೆ. ನಮ್ಮ ದಳದ ಧ್ಯೇಯವಾಕ್ಯ 'ತೀವ್ರ ಚೌಕಸ್'. ಸುದ್ದಿ ಬೇಗ ಮುಟ್ಟಬೇಕು, ಭದ್ರವಾಗಿ ಮುಟ್ಟಬೇಕು ಎಂದು ಅದರ ಅರ್ಥ. ಎದುರಿನ ಠಾಣೆ ನಮ್ಮದೇ ಎಂದು ಖಚಿತವಾಗುವವರೆಗೆ ನಾವು ಗುರುತಿನ ಸಂಕೇತ ಕೇಳುತ್ತಿದ್ದೆವು. ಅದು ಭದ್ರತೆ. ಸಂದೇಶದ ತಲೆಯ ಮೇಲೆ ಫ್ಲಾಶ್, ಇಮ್ಮಿಡಿಯೆಟ್, ಪ್ರಯಾರಿಟಿ, ರೂಟೀನ್ ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಬರೆಯುತ್ತಿದ್ದೆವು. ಅದು ವೇಗ. ಈ ಎರಡರಲ್ಲಿ ಒಂದು ತಪ್ಪಿದರೂ ಎಲ್ಲೋ ಒಬ್ಬ ಮನುಷ್ಯ ತಪ್ಪು ಕಣಿವೆಗೆ ಇಳಿಯುತ್ತಾನೆ.

ಬೇಹುಗಾರಿಕೆಯ ಕಾದಂಬರಿ ಹುಟ್ಟುವುದು ಸುದ್ದಿ ನಿಜವೋ ಅಲ್ಲವೋ ಎಂಬ ಅನುಮಾನದಿಂದ. ಅಂತರಿಕ್ಷ ಯುದ್ಧದ ಒಳ್ಳೆಯ ಕಾದಂಬರಿ ಹುಟ್ಟುವುದು ಸುದ್ದಿ ತಡವಾಗಿ ಬರುತ್ತದೆ ಎಂಬ ಸಂಕಟದಿಂದ. ಅಕ್ಕ ತಮ್ಮ ಇಬ್ಬರೂ ಒಂದೇ ಮರದ ಎರಡು ಕೊಂಬೆಗಳಲ್ಲಿ ಕುಳಿತಿದ್ದೀರಿ. ಇಪ್ಪತ್ತು ವರ್ಷಗಳಿಂದ ನಾನು ಎರಡೂ ಬಗೆಯ ಪುಸ್ತಕಗಳನ್ನು ಹಸಿದವನಂತೆ ಓದುತ್ತಿದ್ದೇನೆ. ಮುಂದೆ ಹೇಳುವುದೆಲ್ಲ ಆ ಓದಿನಿಂದ ಮತ್ತು ಆ ವೃತ್ತಿಯಿಂದ ಬಂದದ್ದು.

ಮೊದಲು ನನ್ನ ಅಜ್ಜಿಯ ಒಂದು ಮಾತು. 1948ರಲ್ಲಿ ನಮ್ಮ ಊರು ನಿಜಾಮರ ಸೀಮೆಯ ಅಂಚಿನಲ್ಲಿತ್ತು. ಪಶ್ಚಿಮಕ್ಕೆ ನಡೆದರೆ ಮುಂಬಯಿ ಪ್ರಾಂತ್ಯದ ಮುಂಡರಗಿ, ಅಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದ ಹೋರಾಟಗಾರರ ಶಿಬಿರ. ತುಂಗಭದ್ರೆಯ ಆಚೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಇಂದು ಬಸ್ಸಿನಲ್ಲಿ ಒಂದೆರಡು ಗಂಟೆಗಳಲ್ಲಿ ಸುತ್ತಿ ಬರುವ ನೆಲದಲ್ಲಿ ಆಗ ಮೂರು ಆಡಳಿತಗಳ ಗಡಿ. ಅಜ್ಜಿ ಬುತ್ತಿಯ ಗಂಟಿನಲ್ಲಿ, ಎರಡು ಸಜ್ಜೆ ರೊಟ್ಟಿಗಳ ನಡುವೆ, ಚೀಟಿ ಇಟ್ಟುಕೊಂಡು ಹೋಗಿ ಬರುತ್ತಿದ್ದಳಂತೆ. ಒಮ್ಮೆ ನಿಜಾಮರ ಪರವಾದ ಖಾಸಗಿ ಪಡೆಯವರಾದ ರಜಾಕಾರರು ಬರುತ್ತಾರೆ ಎಂದು ಸುದ್ದಿ ಬಂತು. ಊರಿನ ಹೆಂಗಸರು ಮಕ್ಕಳು ಮೂರು ರಾತ್ರಿ ಜೋಳದ ಹೊಲದಲ್ಲಿ ಮಲಗಿದರು. ಯಾರೂ ಬರಲಿಲ್ಲ. ಸುದ್ದಿ ಕೊಟ್ಟವನು ಹೆದರಿ ಹೇಳಿದನೋ, ಬೇಕೆಂದೇ ಹೇಳಿದನೋ, ಇಲ್ಲವೇ ಊರು ಖಾಲಿಯಾದದ್ದು ತಿಳಿದು ಬರುವವರೇ ಹಿಂದಿರುಗಿದರೋ, ಅದು ಕೊನೆಗೂ ತಿಳಿಯಲಿಲ್ಲ. ಅಜ್ಜಿ ಅದನ್ನು ಹೇಳುವಾಗಲೆಲ್ಲ ಒಂದೇ ಮಾತು ಸೇರಿಸುತ್ತಿದ್ದಳು: 'ಸುದ್ದಿ ಸುಳ್ಳಾಗಿರಬಹುದು, ಆ ಮೂರು ರಾತ್ರಿ ಸುಳ್ಳಲ್ಲ.'

ಬೇಹುಗಾರಿಕೆಯ ಯಾವ ಕಾದಂಬರಿಯನ್ನು ಕೈಗೆತ್ತಿಕೊಂಡರೂ ನಾನು ಈ ಮಾತಿನಿಂದಲೇ ತೂಗಿ ನೋಡುತ್ತೇನೆ. ಸುಳ್ಳು ಸುದ್ದಿಯ ಬೆಲೆಯನ್ನು ಯಾರು ತೆತ್ತರು ಎಂದು ತೋರಿಸುವ ಪುಸ್ತಕ ಉಳಿಯುತ್ತದೆ. ಪಿಸ್ತೂಲು, ಪಾಸ್‌ಪೋರ್ಟು, ಪಂಚತಾರಾ ಹೋಟೆಲುಗಳನ್ನಷ್ಟೇ ತೋರಿಸುವುದು ಓದಿದ ವಾರಕ್ಕೇ ಮರೆತುಹೋಗುತ್ತದೆ.

ನೀವು ಸಮಾಜ ವಿಜ್ಞಾನ ಕಲಿಸುವವರಾದ್ದರಿಂದ ಕೌಟಿಲ್ಯನನ್ನು ಇಲ್ಲಿ ಕರೆಯಲೇಬೇಕು. ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಬೇಹುಗಾರರು ಎರಡು ಬಗೆ. ಒಂದೇ ಕಡೆ ನೆಲೆ ನಿಂತು, ಶಿಷ್ಯನ, ಒಕ್ಕಲಿಗನ, ವ್ಯಾಪಾರಿಯ, ತಪಸ್ವಿಯ ವೇಷದಲ್ಲಿ ಕಣ್ಣಿಡುವವರು 'ಸಂಸ್ಥಾ'. ಊರೂರು ತಿರುಗುವವರು 'ಸಂಚಾರ'. ವಚನ ಓದಿದ ನಮ್ಮ ಕಿವಿಗೆ ಇದು ಸ್ಥಾವರ ಜಂಗಮ ಎಂದು ಕೇಳಿಸುತ್ತದೆ. ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು ಮತ್ತು ಮೂವರ ಮಾತು ಒಂದಾದಾಗ ಮಾತ್ರ ನಂಬಬೇಕು ಎಂದು ಅಲ್ಲಿ ನಿಯಮವಿದೆ. ಆಧುನಿಕ ಬೇಹುಗಾರಿಕೆಯ ಕಾದಂಬರಿಗಳಲ್ಲಿ ಹೆಚ್ಚಿನವು ಈ ಒಂದು ನಿಯಮ ಮುರಿದಲ್ಲಿಂದಲೇ ಶುರುವಾಗುತ್ತವೆ. ಒಬ್ಬನೇ ಮೂಲ, ಅವನನ್ನು ನಂಬಬೇಕೆಂಬ ಆಸೆ, ಆಸೆಯ ಹಿಂದೆ ಮೇಲಧಿಕಾರಿಯ ಬಡ್ತಿ.

ಈಗ ಪುಸ್ತಕಗಳಿಗೆ ಬರೋಣ. ನಿಮಗೆ ಮೊದಲನೆಯದಾಗಿ ನಾನು ಕೊಡುವುದು ಲಂಡನ್ನಿನದೂ ಅಲ್ಲ, ವಾಷಿಂಗ್ಟನ್ನಿನದೂ ಅಲ್ಲ. ಅಮರ್ ಭೂಷಣ್ ಅವರ 'ಎಸ್ಕೇಪ್ ಟು ನೋವೇರ್' (2012). ಲೇಖಕರು 1968ರಲ್ಲಿ ಸ್ಥಾಪನೆಯಾದ, ಹೊರದೇಶಗಳ ಬೇಹುಗಾರಿಕೆ ನಡೆಸುವ ನಮ್ಮ 'ರಾ' ಸಂಸ್ಥೆಯಲ್ಲೇ ಹಿರಿಯ ಹುದ್ದೆಯಲ್ಲಿದ್ದವರು. ಆ ಸಂಸ್ಥೆಯ ಅಧಿಕಾರಿಯೊಬ್ಬ 2004ರಲ್ಲಿ, ತನ್ನವರೇ ಅವನ ಮೇಲೆ ಕಣ್ಣಿಟ್ಟಿದ್ದಾಗಲೇ, ನೇಪಾಳದ ಮೂಲಕ ತಪ್ಪಿಸಿಕೊಂಡು ಅಮೆರಿಕ ಸೇರಿದ. ಕಾದಂಬರಿಯ ಹಿಂದೆ ಆ ಘಟನೆಯಿದೆ. ಇದರಲ್ಲಿ ಗುಂಡು ಹಾರುವುದಿಲ್ಲ. ಸಹೋದ್ಯೋಗಿಯೊಬ್ಬ ಯಾವ ಕಡತ ತರಿಸಿಕೊಂಡ, ಯಾವಾಗ ಮನೆಗೆ ಹೊರಟ, ಯಾರಿಗೆ ಏನು ಕೇಳಿದ ಎಂಬುದನ್ನು ಉಳಿದವರು ಕಾಯುತ್ತ ಕೂರುತ್ತಾರೆ. ಕಾಯುವುದೇ ಕಥೆ. ವಾಕ್ಯಗಳು ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿವೆ. ಟಿಪ್ಪಣಿ, ಸಹಿ, ಅನುಮತಿಗಾಗಿ ಮೇಲೆ ಹೋದ ಕಡತ ಇವೆಲ್ಲ ನಿಮಗೆ ಅರ್ಥ ಹುಡುಕದೆಯೇ ತಿಳಿಯುತ್ತವೆ. ಭಾಷೆಗೆ ಹೆದರುವ ಓದುಗರಿಗೆ ಪರಿಚಿತ ಲೋಕಕ್ಕಿಂತ ದೊಡ್ಡ ನೆರವಿಲ್ಲ. ಶೈಲಿಯಲ್ಲಿ ಸೊಗಸು ಕಡಿಮೆ ಎಂಬುದೂ ನಿಜ. ಆ ಒಣತನದಿಂದಲೇ ನನಗೆ ಅದು ನಂಬಿಕೆ ಹುಟ್ಟಿಸಿತು.

ಅದಾದ ಮೇಲೆ ಮಿಕ್ ಹೆರಾನ್. 'ಸ್ಲೋ ಹಾರ್ಸಸ್' 2010ರಲ್ಲಿ ಬಂತು. ಎರಡನೆಯದಾದ 'ಡೆಡ್ ಲಯನ್ಸ್' 2013ರಲ್ಲಿ ಬ್ರಿಟನ್ನಿನ ಅಪರಾಧ ಸಾಹಿತ್ಯದ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಪಡೆಯಿತು. 2022ರಿಂದ ಈ ಪುಸ್ತಕಗಳು ದೃಶ್ಯ ಸರಣಿಯೂ ಆಗಿವೆ, ಬಹುಶಃ ನೀವು ನೋಡಿದ್ದೂ ಅದೇ ಇರಬಹುದು. ಏನೋ ಎಡವಟ್ಟು ಮಾಡಿದ ಬೇಹುಗಾರರನ್ನು ಕೆಲಸದಿಂದ ತೆಗೆಯುವ ಬದಲು ಸ್ಲೌ ಹೌಸ್ ಎಂಬ ಹಾಳು ಕಟ್ಟಡಕ್ಕೆ ಹಾಕಿ, ಬೇಸತ್ತು ತಾವಾಗಿಯೇ ಬಿಟ್ಟುಹೋಗಲಿ ಎಂದು ಕಾಗದದ ಕೆಲಸ ಕೊಡುತ್ತಾರೆ. ಇದನ್ನು ಲಂಡನ್ನಿನ ಓದುಗನಿಗಿಂತ ನಾವು ಚೆನ್ನಾಗಿ ಬಲ್ಲೆವು. ರಾಯಚೂರು, ಕೊಪ್ಪಳಕ್ಕೆ 'ಶಿಕ್ಷೆಯ ವರ್ಗ' ಎಂದು ಬಂದ ಅಧಿಕಾರಿಗಳ ಮುಖ ನೋಡುತ್ತಲೇ ಬೆಳೆದವರು ನಾವು. ಬಂದವರಲ್ಲಿ ಕೆಲವರು ದಿನ ಎಣಿಸಿ ಹೋದರು. ಕೆಲವರು ಇಲ್ಲೇ ತಮ್ಮ ಜೀವನದ ಒಳ್ಳೆಯ ಕೆಲಸ ಮಾಡಿದರು. ಹೆರಾನ್ ಬರೆಯುವುದು ಈ ಎರಡನೆಯವರನ್ನು. ಒಂದು ಎಚ್ಚರಿಕೆ: ಅವರ ಇಂಗ್ಲಿಷ್ ಕಠಿಣ. ಹೇಳುವುದು ಒಂದು, ಅರ್ಥ ಇನ್ನೊಂದು. ಲಂಡನ್ನಿನ ಬೀದಿ ಮಾತು ಬೇರೆ. ಅದಕ್ಕೇ ಇದನ್ನು ಎರಡನೆಯದಾಗಿ ಇಟ್ಟಿದ್ದೇನೆ. ಸರಣಿಯ ಮೊದಲ ಕಂತು ನೋಡಿ, ಮುಖಗಳು ಕಣ್ಣಿಗೆ ಕಟ್ಟಿದ ಮೇಲೆ ಓದಿ. ಬಂದ ಕ್ರಮದಲ್ಲೇ ಓದಬೇಕು. ಒಂದರಲ್ಲಿ ಸತ್ತವರ ಖಾಲಿ ಕುರ್ಚಿ ಮುಂದಿನದರಲ್ಲಿ ಮಾತನಾಡುತ್ತದೆ.

ಕೆಲಸದ ಒಳಮನೆ ನೋಡಬೇಕೆಂದರೆ ಡೇವಿಡ್ ಮೆಕ್ಲಾಸ್ಕಿಯವರ 'ಡಮಾಸ್ಕಸ್ ಸ್ಟೇಷನ್' (2021). ಲೇಖಕರು ಅಮೆರಿಕದ ಬೇಹುಗಾರಿಕೆ ಸಂಸ್ಥೆಯಾದ ಸಿಐಎಯಲ್ಲಿ ವಿಶ್ಲೇಷಕರಾಗಿದ್ದವರು. ಸಿರಿಯಾದ ಅಂತರ್ಯುದ್ಧದ ಆರಂಭದ ದಿನಗಳು, ಅಲ್ಲಿನ ಅರಮನೆಯಲ್ಲಿ ಕೆಲಸ ಮಾಡುವ ಹೆಂಗಸು, ಅವಳನ್ನು ಒಲಿಸಿಕೊಳ್ಳಲು ಬಂದ ಅಮೆರಿಕದ ಅಧಿಕಾರಿ. ಬೆನ್ನು ಹತ್ತಿದವರು ಇದ್ದಾರೆಯೇ ಎಂದು ತಿಳಿಯಲು ಗಂಟೆಗಟ್ಟಲೆ ಊರು ಸುತ್ತುವ ಭಾಗಗಳು ಇದರಲ್ಲಿವೆ. ಒಂದೇ ಮುಖ ಬೇರೆ ಬೇರೆ ಜಾಗದಲ್ಲಿ ಎರಡು ಸಲ ಕಂಡರೆ ಅವತ್ತಿನ ಭೇಟಿ ರದ್ದು. ಆ ಪುಟಗಳನ್ನು ಹಾರಿಸಬೇಡಿ. ಬೇಸರವೆನಿಸುವ ಆ ಸುತ್ತಾಟವೇ ಒಬ್ಬಳ ಪ್ರಾಣ ಕಾಯುವ ಬೇಲಿ. ಆದರೆ ಪ್ರೇಮದ ಎಳೆ ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಎಚ್ಚರದ ಮನುಷ್ಯ ಅಷ್ಟು ಸುಲಭವಾಗಿ ಜಾರಲಾರ.

ಐ. ಎಸ್. ಬೆರಿ ಎಂಬ ಲೇಖಕಿ ಸಿಐಎಯ ಅಧಿಕಾರಿಯಾಗಿದ್ದವರು. ಅವರ 'ದ ಪೀಕಾಕ್ ಅಂಡ್ ದ ಸ್ಪ್ಯಾರೋ' 2023ರದು, ಮೊದಲ ಕಾದಂಬರಿಗೆ ಕೊಡುವ ಎಡ್ಗರ್ ಪ್ರಶಸ್ತಿ ಅದಕ್ಕೆ 2024ರಲ್ಲಿ ಸಂದಿತು. ಅರಬ್ ದೇಶಗಳಲ್ಲಿ ಜನ ಬೀದಿಗಿಳಿದ ಕಾಲದ ಬಹರೈನ್. ನಿವೃತ್ತಿಯ ಹೊಸ್ತಿಲಲ್ಲಿರುವ, ಕುಡಿತಕ್ಕೆ ಬಿದ್ದ ಅಧಿಕಾರಿಯೊಬ್ಬ ತಾನೇ ಕಥೆ ಹೇಳುತ್ತಾನೆ, ಅವನು ಹೇಳಿದ್ದನ್ನೆಲ್ಲ ನಂಬಲಾಗುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರ ಬಾಯಿಂದ ಆ ಊರುಗಳ ಸುದ್ದಿ ಕೇಳಿದವರಿಗೆ ಇಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಈ ನಾಲ್ಕರಲ್ಲಿ ಬರವಣಿಗೆಯ ದೃಷ್ಟಿಯಿಂದ ಇದೇ ಮೇಲು ಎಂಬುದು ನನ್ನ ತೀರ್ಮಾನ.

ಪಟ್ಟಿಯಲ್ಲಿ ಇಲ್ಲದ್ದರ ಬಗ್ಗೆಯೂ ಒಂದು ಮಾತು. ಶತ್ರುವಿಗೆ ಮನೆಯಿಲ್ಲದ, ತಾಯಿಯಿಲ್ಲದ, ಅವನ ಭಾಷೆ ಬರೀ ಕಿರುಚಾಟವಾಗಿರುವ ರೋಚಕ ಕಾದಂಬರಿಗಳು ರಾಶಿ ರಾಶಿ ಬರುತ್ತಿವೆ. ಅರಬ್ಬಿ ಹೆಸರು ಕಂಡೊಡನೆ ಬಾಂಬು ಎಂದು ಓದುಗ ಊಹಿಸುವಂತೆ ಅವು ಬರೆಯಲ್ಪಟ್ಟಿವೆ. ರಾಯಚೂರಿನಲ್ಲಿ ಉರ್ದು ಮಾತನಾಡುವ ನೆರೆಮನೆಯವರ ಕೈಯೂಟ ಉಂಡು ಬೆಳೆದ ನನ್ನಂಥವನಿಗೆ ಅಂಥ ಪುಸ್ತಕ ಐವತ್ತು ಪುಟ ದಾಟುವುದಿಲ್ಲ. ಅದು ಅನ್ಯಾಯ, ಜೊತೆಗೆ ಕಸುಬಿನ ತಪ್ಪೂ ಹೌದು. ಎದುರಾಳಿಯ ಮನಸ್ಸನ್ನು ಅರಿಯದವನು ಬೇಹುಗಾರನಾಗಲಾರ, ಬೇಹುಗಾರನ ಕಥೆಯನ್ನೂ ಬರೆಯಲಾರ.

ನಿಧಾನದ ಓದಿಗೆ ಒಂದು ಉಪಾಯ ಹೇಳುತ್ತೇನೆ. ವೈರ್‌ಲೆಸ್ ಸೆಟ್ಟಿನ ಪಕ್ಕದಲ್ಲಿ ಯಾವಾಗಲೂ ಒಂದು ಲಾಗ್ ಪುಸ್ತಕ ಇರುತ್ತಿತ್ತು. ಎಷ್ಟು ಹೊತ್ತಿಗೆ, ಯಾರಿಂದ, ಯಾರಿಗೆ, ಏನು. ಕಾದಂಬರಿ ಓದುವಾಗ ಹಾಗೆಯೇ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಳ್ಳಿ. ಅಧ್ಯಾಯ ಮುಗಿದಾಗ ಎರಡೇ ಸಾಲು: ಈ ಅಧ್ಯಾಯದಲ್ಲಿ ಯಾರು ಯಾರಿಗೆ ಯಾವ ಸುದ್ದಿ ಕೊಟ್ಟರು, ಅದನ್ನು ಇನ್ನಾರು ಖಚಿತಪಡಿಸಿದರು. ಎರಡನೆಯ ಸಾಲು ಖಾಲಿ ಉಳಿದ ಕಡೆ ಕೆಂಪು ಗುರುತು. ಕಾದಂಬರಿಯ ಮೋಸ ಅಡಗಿರುವುದು ಸಾಮಾನ್ಯವಾಗಿ ಆ ಕೆಂಪು ಗುರುತುಗಳಲ್ಲೇ. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ತೆರೆಯಬೇಡಿ. ಸುದ್ದಿ ಸಾಗುವುದಕ್ಕೆ ಬೇಕಾದ ಪದಕ್ಕೆ ಮಾತ್ರ ತೆರೆಯಿರಿ. ದಿನಕ್ಕೆ ಹದಿನೈದು ಪುಟ ಆದರೂ ಸಾಕು. ಬರೆದಿಟ್ಟುಕೊಂಡರೆ ವಾರ ಬಿಟ್ಟು ಹಿಡಿದರೂ ಎಳೆ ಸಿಗುತ್ತದೆ.

ಇನ್ನು ತಮ್ಮನ ಕಡೆಗೆ. ಅವನ ಕಥೆಗಳು ಮಕ್ಕಳವು ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಚಂದ್ರನಿಂದ ಇಲ್ಲಿಗೆ ಬರಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಸೂರ್ಯನಿಂದ ಸುಮಾರು 8 ನಿಮಿಷ 20 ಸೆಕೆಂಡು. ಒಂದು ಗಂಟೆಯಲ್ಲಿ ಅದು ಸಾಗುವ ದೂರ ಸುಮಾರು 108 ಕೋಟಿ ಕಿಲೋಮೀಟರ್. ಈಗ ಅಷ್ಟು ದೂರದಲ್ಲಿ ಶತ್ರುವಿನ ನೌಕೆಗಳು ಕಂಡವು ಎಂದುಕೊಳ್ಳಿ. ನೀವು ನೋಡುತ್ತಿರುವುದು ಒಂದು ಗಂಟೆಯ ಹಿಂದಿನ ಶತ್ರುವನ್ನು. ಅವನಿಗೆ ನೀವು ಕಾಣುವುದೂ ಹಾಗೆಯೇ. ಆಜ್ಞೆ ಕೊಟ್ಟರೆ ದೂರದ ನೌಕೆಗೆ ತಲುಪುವಷ್ಟರಲ್ಲಿ ಆ ಆಜ್ಞೆಯ ಕಾರಣವೇ ಹಳಸಿರುತ್ತದೆ. ಅಮೆರಿಕದ ನೌಕಾಪಡೆಯ ನಿವೃತ್ತ ಅಧಿಕಾರಿ ಜಾನ್ ಹೆಮ್ರಿ, ಜ್ಯಾಕ್ ಕ್ಯಾಂಪ್‌ಬೆಲ್ ಎಂಬ ಹೆಸರಿನಲ್ಲಿ ಬರೆದ 'ಲಾಸ್ಟ್ ಫ್ಲೀಟ್' ಸರಣಿ ನಿಂತಿರುವುದೇ ಈ ಲೆಕ್ಕದ ಮೇಲೆ. ಮೊದಲನೆಯದು 'ಡಾಂಟ್‌ಲೆಸ್' (2006). ಭಾಷೆ ಸರಳ, ಪಾತ್ರಗಳು ಸ್ವಲ್ಪ ತೆಳು, ಕದನದ ಯೋಚನೆ ಮಾತ್ರ ಅಚ್ಚುಕಟ್ಟು. ಸೇನೆಗೆ ಹೋಗುವ ಹುಡುಗ ಅದರಿಂದ ಕಲಿಯುವುದಿದೆ. ಮುಂದಾಳು ಕೂಗಾಡುವುದಿಲ್ಲ, ಕಾಯುತ್ತಾನೆ, ಸೋತವರನ್ನು ಕೊಲ್ಲಬಾರದು ಎಂಬ ಮರೆತುಹೋದ ನಿಯಮವನ್ನು ತನ್ನವರಿಗೇ ಮತ್ತೆ ಕಲಿಸುತ್ತಾನೆ.

ತಡವಾದ ಸುದ್ದಿ ನಮ್ಮ ನೆಲಕ್ಕೂ ಹೊಸದಲ್ಲ. 1520ರ ರಾಯಚೂರು ಕದನದ ಬಗ್ಗೆ, ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಷಾಹನನ್ನು ಸೋಲಿಸಿದ ಆ ದಿನದ ಬಗ್ಗೆ, ನಮಗೆ ದೊರೆತ ವಿವರವಾದ ವರ್ಣನೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನದು. ಅವನು ವಿಜಯನಗರದಲ್ಲಿ ಇದ್ದದ್ದು 1535ರ ಸುಮಾರಿಗೆ. ಹದಿನೈದು ವರ್ಷ ಹಳೆಯ ಸುದ್ದಿಯಿಂದ ನಾವು ಆ ಕದನವನ್ನು ಕಾಣುತ್ತಿದ್ದೇವೆ. ರಾಯಚೂರು ಕೋಟೆಗೆ ತಮ್ಮನನ್ನು ಕರೆದುಕೊಂಡು ಹೋದಾಗ ಇದನ್ನು ಹೇಳಿ.

ಆದರೆ ಅವನ ಕೈಗೆ ಒಂದೇ ಪುಸ್ತಕ ಕೊಡಬಹುದೆಂದರೆ ನಾನು ಕೊಡುವುದು ಜೋ ಹಾಲ್ಡ್‌ಮನ್ ಅವರ 'ದ ಫಾರೆವರ್ ವಾರ್'. ಇದು ಈಚಿನದಲ್ಲ, 1974ರದು. ಈಚಿನವನ್ನೆಲ್ಲ ಅರಿಯಲು ಇದು ಬೇಕು. ಹಾಲ್ಡ್‌ಮನ್ ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿದವರು. 1967ರಲ್ಲಿ ಕಡ್ಡಾಯ ಸೇನಾ ಭರ್ತಿಗೆ ಸಿಕ್ಕಿ ವಿಯೆಟ್ನಾಮಿಗೆ ಹೋಗಿ ಗಾಯಗೊಂಡು ಮರಳಿದರು. ಅವರ ಕಥೆಯ ಸೈನಿಕರು ಬೆಳಕಿನ ವೇಗದ ಸಮೀಪದಲ್ಲಿ ಪಯಣಿಸುತ್ತಾರೆ. ಬೆಳಕಿನ ವೇಗದ ಶೇಕಡಾ 99ರಷ್ಟು ವೇಗದಲ್ಲಿ ನಿಮಗೆ ಒಂದು ವರ್ಷ ಕಳೆದರೆ ಭೂಮಿಯ ಮೇಲೆ ಸುಮಾರು ಏಳು ವರ್ಷ ಕಳೆದಿರುತ್ತದೆ. ಇದು ಐನ್‌ಸ್ಟೈನ್ ಲೆಕ್ಕ, ಕಲ್ಪನೆಯಲ್ಲ. ಹೀಗೆ ಕದನ ಮುಗಿಸಿ ಮನೆಗೆ ಬಂದ ಸೈನಿಕನಿಗೆ ತನ್ನ ತಾಯಿ ಮುದುಕಿಯಾಗಿ ಕಾಣುತ್ತಾಳೆ, ಊರು ಬೇರೆಯಾಗಿರುತ್ತದೆ, ಮಾತು ಹಿಡಿಯುವುದಿಲ್ಲ. ಎಲ್ಲಿಯೂ ಹೊಂದದೆ ಅವನು ಮತ್ತೆ ಸೇನೆಗೇ ಹೋಗುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನಾನು ಇನ್ನೂ ಸೇವೆಯಲ್ಲಿದ್ದೆ. ಹತ್ತು ತಿಂಗಳ ಮೇಲೆ ರಜೆ ಸಿಕ್ಕಿ, ಎರಡು ರಾತ್ರಿ ರೈಲಿನಲ್ಲಿ ಕಳೆದು ಕೊಪ್ಪಳದಲ್ಲಿ ಇಳಿದು ಮನೆಯ ಕಟ್ಟೆ ಏರಿದರೆ ಮಗಳು ನನ್ನನ್ನು ನೋಡಿ ಒಳಗೆ ಓಡಿದಳು. 'ಅವ್ವಾ, ಯಾರೋ ಬಂದಿದ್ದಾರೆ' ಎಂದಳು. ಬೆಳಕಿನ ವೇಗ ಬೇಕಾಗಿಲ್ಲ ತಂಗಿ, ಹತ್ತು ತಿಂಗಳು ಸಾಕು. ಒಬ್ಬ ಬರಹಗಾರ ಭೌತಶಾಸ್ತ್ರದ ಸೂತ್ರವನ್ನು ಹಿಡಿದು ನನ್ನ ಮನೆಯ ಕಟ್ಟೆಗೆ ಬಂದು ನಿಂತಿದ್ದ. ಅಂತರಿಕ್ಷದ ಯುದ್ಧ ಕಥೆಗಳನ್ನು ನಾನು ಗೌರವದಿಂದ ಓದಲು ಶುರುಮಾಡಿದ್ದು ಆವತ್ತಿನಿಂದ.

ಈಚಿನವುಗಳಲ್ಲಿ ಜಾನ್ ಸ್ಕಾಲ್ಜಿಯವರ 'ಓಲ್ಡ್ ಮ್ಯಾನ್ಸ್ ವಾರ್' (2005) ಓದಲು ಅತಿ ಸುಲಭ. ಎಪ್ಪತ್ತೈದು ತುಂಬಿದವರನ್ನು ಸೇನೆಗೆ ಸೇರಿಸಿಕೊಂಡು ಹೊಸ ದೇಹ ಕೊಡುತ್ತಾರೆ. ತಮ್ಮನ ಇಂಗ್ಲಿಷ್ ನಿಮ್ಮದಕ್ಕಿಂತ ನಿಧಾನವಾಗಿದ್ದರೆ ಅಲ್ಲಿಂದಲೇ ಆರಂಭಿಸಲಿ. ಕ್ಯಾಮರಾನ್ ಹರ್ಲಿಯವರ 'ದ ಲೈಟ್ ಬ್ರಿಗೇಡ್' (2019) ಒರಟು ಪುಸ್ತಕ. ಸೈನಿಕರನ್ನು ಬೆಳಕಾಗಿ ಒಡೆದು ರಣರಂಗಕ್ಕೆ ಕಳಿಸುತ್ತಾರೆ, ಕಥಾನಾಯಕಿಗೆ ಮಾತ್ರ ಕದನಗಳು ಹಿಂದುಮುಂದಾಗಿ ಬರತೊಡಗುತ್ತವೆ. ಯುದ್ಧದ ಬಗ್ಗೆ ತನಗೆ ಹೇಳಿದ್ದಕ್ಕೂ ಕಣ್ಣೆದುರು ಇರುವುದಕ್ಕೂ ತಾಳೆಯಾಗುವುದಿಲ್ಲ. ಅದನ್ನು ಓದಲು ಲಾಗ್ ಪುಸ್ತಕ ಬೇಕೇ ಬೇಕು. ನಾಳಿನ ಯುದ್ಧದ ಆಯುಧಗಳನ್ನೇ ತಿಳಿಯುವ ಆಸೆಯಿದ್ದರೆ ಪೀಟರ್ ಸಿಂಗರ್ ಮತ್ತು ಆಗಸ್ಟ್ ಕೋಲ್ ಬರೆದ 'ಘೋಸ್ಟ್ ಫ್ಲೀಟ್' (2015) ಇದೆ, ಪುಸ್ತಕದ ಕೊನೆಯಲ್ಲಿ ನೂರಾರು ಟಿಪ್ಪಣಿಗಳೊಂದಿಗೆ. ಟಿಪ್ಪಣಿಗಳು ಗಟ್ಟಿ, ಮನುಷ್ಯರು ಗಟ್ಟಿಯಿಲ್ಲ.

ಈಗ ನಿಮ್ಮ ಅಪ್ಪನ ಚಿಂತೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಮವಸ್ತ್ರದ ಆಸೆಯಿರುವ ಇಪ್ಪತ್ತರ ಹುಡುಗನಿಗೆ ಗೆಲುವಿನ ಕಥೆ ಬೇಗ ತಲೆಗೇರುತ್ತದೆ, ನನಗೂ ಏರಿತ್ತು. ನಮ್ಮ ಹಳ್ಳಿಗಳಲ್ಲಿ ಗುಡಿಯ ಮುಂದೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅದರ ಮೇಲೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಸ್ವರ್ಗ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಶ್ಲೋಕವನ್ನು ಎಷ್ಟೋ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಕಾಣದಿರುವುದು ಅವನ ಮನೆ. ಅದೇ ಕನ್ನಡದಲ್ಲಿ ರನ್ನನೂ ಇದ್ದಾನೆ. ಅವನ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಎಡವುತ್ತ ನಡೆಯುತ್ತಾನೆ, ಒಬ್ಬೊಬ್ಬರನ್ನೇ ಗುರುತಿಸಿ ಅಳುತ್ತಾನೆ. ಯುದ್ಧದ ಪುಸ್ತಕಗಳನ್ನು ನಾನು ವಿಂಗಡಿಸುವುದು ಹೀಗೆಯೇ. ಕೆಲವು ವೀರಗಲ್ಲಿನ ಮೇಲಿನ ಪಟ್ಟಿಗೇ ನಿಲ್ಲುತ್ತವೆ, ಕೆಲವು ರನ್ನನ ಹಾಗೆ ಕದನ ಮುಗಿದ ಮೇಲೂ ಕಳದಲ್ಲಿ ನಡೆಯುತ್ತವೆ.

ಎಮಿಲಿ ಟೆಶ್ ಅವರ 'ಸಮ್ ಡೆಸ್ಪರೇಟ್ ಗ್ಲೋರಿ' (2023) ಎರಡನೆಯ ಬಗೆಯದು. 2024ರಲ್ಲಿ, ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ ಕಾದಂಬರಿ. ಭೂಮಿ ನಾಶವಾಗಿದೆ. ಉಳಿದ ಕೆಲವರು ಒಂದು ಬಂಡೆಯ ಮೇಲೆ ನೆಲೆ ಮಾಡಿಕೊಂಡು ಮಕ್ಕಳನ್ನು ಸೇಡಿಗಾಗಿಯೇ ಬೆಳೆಸುತ್ತಾರೆ. ನಾಯಕಿ ಕೈರ್ ಆ ತರಬೇತಿಯಲ್ಲಿ ಎಲ್ಲರಿಗಿಂತ ಮುಂದು, ಎಲ್ಲರಿಗಿಂತ ಕಠೋರ. ಮೊದಲ ನೂರು ಪುಟ ಅವಳ ಮೇಲೆ ಸಿಟ್ಟೇ ಬರುತ್ತದೆ, ಬಿಡದೆ ಓದಿ. ತನಗೆ ಹುಟ್ಟಿನಿಂದ ಕೊಟ್ಟ ಸುದ್ದಿಯೇ ತಿರುಚಿದ್ದು ಎಂದು ತಿಳಿದವಳು ಏನು ಮಾಡುತ್ತಾಳೆ ಎಂಬುದೇ ಉಳಿದ ಕಥೆ. ಆ ಶೀರ್ಷಿಕೆ ವಿಲ್ಫ್ರೆಡ್ ಓವನ್ ಎಂಬ ಸೈನಿಕ ಕವಿಯ ಸಾಲಿನದು. ಮೊದಲ ಮಹಾಯುದ್ಧ ನಿಲ್ಲಲು ಒಂದು ವಾರ ಬಾಕಿಯಿದ್ದಾಗ, 1918ರ ನವೆಂಬರ್ 4ರಂದು, ಆ ಕವಿ ರಣರಂಗದಲ್ಲಿ ಸತ್ತ.

ಇದರ ಜೊತೆಗೆ ನಿಮ್ಮ ತಮ್ಮ ಕನ್ನಡದಲ್ಲೇ ಓದಬೇಕಾದ ಒಂದು ನಿಜದ ಪುಸ್ತಕವಿದೆ. ಬ್ರಿಗೇಡಿಯರ್ ಜಾನ್ ದಳವಿಯವರ 'ಹಿಮಾಲಯನ್ ಬ್ಲಂಡರ್' ಅನ್ನು ಬಳ್ಳಾರಿಯಲ್ಲಿ ಹುಟ್ಟಿದ ರವಿ ಬೆಳಗೆರೆಯವರು ಕನ್ನಡಕ್ಕೆ ತಂದಿದ್ದಾರೆ. 1962ರ ಅಕ್ಟೋಬರಿನಲ್ಲಿ, ಚೀನಾ ಯುದ್ಧದ ಹೊತ್ತಿಗೆ, ನಮ್ಕಾ ಚು ಹೊಳೆಯ ದಂಡೆಯಲ್ಲಿ ಏಳನೇ ಬ್ರಿಗೇಡನ್ನು ನಡೆಸಿ ಸೆರೆಸಿಕ್ಕಿ, 1963ರ ಮೇ ತಿಂಗಳಲ್ಲಿ ಬಿಡುಗಡೆಯಾದ ಅಧಿಕಾರಿ ಬರೆದದ್ದು. ಬೇಸಿಗೆಯ ಬಟ್ಟೆಯಲ್ಲಿ ಹಿಮದ ನಡುವೆ ನಿಂತವರಿಗೆ, ಆ ಜಾಗವನ್ನು ಕಾಣದವರು ದೂರದಿಂದ ಕೊಟ್ಟ ಆಜ್ಞೆಗಳು. ಇಲ್ಲಿ ಸುದ್ದಿ ಮೇಲಕ್ಕೆ ಹೋಯಿತು, ಕೇಳುವವರಿರಲಿಲ್ಲ. ಬೇಹುಗಾರರ ಕಾದಂಬರಿಯ ಕೇಡು, ಅಂತರಿಕ್ಷ ಕದನದ ಕೇಡು ಎರಡೂ ಒಂದೇ ಹೊಳೆಯ ದಂಡೆಯಲ್ಲಿ ಸೇರಿದ್ದವು. ಇದನ್ನು ಓದಿಯೂ ಹುಡುಗ ನಸುಕಿನಲ್ಲಿ ಎದ್ದು ಓಡಿದರೆ ನಿಮ್ಮ ಅಪ್ಪ ಅವನನ್ನು ತಡೆಯಬಾರದು. ಆ ಆಸೆ ಕಣ್ಣು ತೆರೆದ ಆಸೆ.

ಕನ್ನಡದ ಕಾದಂಬರಿಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ಇಡೀ ತಲೆಮಾರಿಗೆ ಓದುವ ರುಚಿ ಹತ್ತಿಸಿದವು, ನನಗೂ. ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬ ಏಲಕ್ಕಿ ಬೆಳೆಯುವ ಊರಿಗೆ ಸಾವೊಂದರ ತನಿಖೆಗೆ ಬರುತ್ತಾನೆ. ಅವನು ಪತ್ತೆಯ ಗೊಡವೆಯಲ್ಲಿದ್ದಾಗಲೇ ಊರು ಬೇರೊಂದು ಬೆಂಕಿಯ ಕಡೆ ಜಾರುತ್ತಿರುತ್ತದೆ. ಬೇಹುಗಾರ ತಪ್ಪು ಸುದ್ದಿಯ ಬೆನ್ನು ಹತ್ತಿದಾಗ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷಿನಲ್ಲೂ ಅಷ್ಟು ಒಳ್ಳೆಯ ಕಾದಂಬರಿ ನಾನು ಕಂಡಿಲ್ಲ. ನೀವು ಶಾಲೆಯಲ್ಲೋ ಕಾಲೇಜಿನಲ್ಲೋ ಅದನ್ನು ಓದಿದ್ದರೆ, ಈಗ ಲಾಗ್ ಪುಸ್ತಕ ಹಿಡಿದು ಮತ್ತೊಮ್ಮೆ ಓದಿ.

ಕೊನೆಗೆ, ಇಬ್ಬರೂ ಒಟ್ಟಿಗೆ ಓದಬಹುದಾದ ಒಂದು ಪುಸ್ತಕ. ಆರ್ಕಡಿ ಮಾರ್ಟೀನ್ ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್' (2019), 2020ರ ಹ್ಯೂಗೋ ಪ್ರಶಸ್ತಿ ಪಡೆದದ್ದು. ಲೇಖಕಿ ಬೈಜಾಂಟೈನ್ ಸಾಮ್ರಾಜ್ಯದ ಇತಿಹಾಸ ಅಭ್ಯಾಸ ಮಾಡಿದವರು. ಒಂದು ಚಿಕ್ಕ ಅಂತರಿಕ್ಷ ನೆಲೆಯ ಹೆಣ್ಣುಮಗಳು ದೊಡ್ಡ ಸಾಮ್ರಾಜ್ಯದ ರಾಜಧಾನಿಗೆ ರಾಯಭಾರಿಯಾಗಿ ಬರುತ್ತಾಳೆ. ಹಿಂದಿನ ರಾಯಭಾರಿ ಸತ್ತಿದ್ದಾನೆ. ಅವನ ನೆನಪುಗಳ ಪ್ರತಿಯೊಂದು ಅವಳ ತಲೆಯೊಳಗೆ ಇದೆ, ಆದರೆ ಅದು ಹದಿನೈದು ವರ್ಷ ಹಳೆಯದು. ಕೊಲೆಯ ಗುಟ್ಟು, ಅರಮನೆಯ ಸಂಚು ನಿಮಗೆ. ಗಡಿಯಲ್ಲಿ ಜಮಾಯಿಸುತ್ತಿರುವ ನೌಕೆಗಳು ತಮ್ಮನಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಆ ಹುಡುಗಿ ಸಾಮ್ರಾಜ್ಯದ ಭಾಷೆಯನ್ನು, ಅದರ ಕಾವ್ಯವನ್ನು ಚಿಕ್ಕಂದಿನಿಂದ ಪ್ರೀತಿಸಿದವಳು, ಅದೇ ಸಾಮ್ರಾಜ್ಯ ತನ್ನ ಊರನ್ನು ನುಂಗಲಿದೆ ಎಂದೂ ಬಲ್ಲಳು. ನನ್ನ ಅಜ್ಜ ಉರ್ದುವಿನಲ್ಲಿ ಅರ್ಜಿ ಬರೆದ, ನಾನು ಹಿಂದಿಯಲ್ಲಿ ಆಜ್ಞೆ ಪಾಲಿಸಿದೆ, ನೀವು ಇಂಗ್ಲಿಷಿನಲ್ಲಿ ಓದಲು ಹೊರಟಿದ್ದೀರಿ. ಈ ಪುಸ್ತಕ ನಮ್ಮ ಕಡೆಯವರಿಗೆ ಅರ್ಥವಾಗುವಷ್ಟು ಅದರ ಮೊದಲ ಓದುಗರಿಗೂ ಅರ್ಥವಾಗಿರಲಾರದು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಇಂಗ್ಲಿಷ್ ಸ್ವಲ್ಪ ತೊಡಕಿನದು, ಹೆಸರುಗಳು ಇನ್ನೂ ತೊಡಕು. ಉಳಿದವನ್ನು ಓದಿ ಆರು ತಿಂಗಳ ಮೇಲೆ ಹಿಡಿಯಿರಿ.

'ದ ಫಾರೆವರ್ ವಾರ್'ನ ನನ್ನ ಪ್ರತಿಯನ್ನು ತಮ್ಮನಿಗೆ ಕೊಡುತ್ತೇನೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದಾಗ ಇಬ್ಬರೂ ಬಂದು ತೆಗೆದುಕೊಂಡು ಹೋಗಿ. ಸೈನಿಕ ಮನೆಗೆ ಮರಳುವ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ತಾರೀಖು ಇದೆ. ಅದು ನಾನು ಆ ರಜೆಯಲ್ಲಿ ಮನೆ ಮುಟ್ಟಿದ ದಿನ. ಅದನ್ನು ಅಳಿಸದೆ ಹಿಂದಿರುಗಿಸಲಿ.